ಬೆಸುಗೆಯೊಳಗಿನ ಕಡ್ಡಿಗಳು

ಯು.ಎಸ್.ಎಸ್. ಟೆಲ್ಕಿನ್
ಪೆಸಿಫಿಕ್‌ನಲ್ಲಿ ಎಲ್ಲೋ ಒಂದು ಕಡೆ
11 ಫೆಬ್ರವರಿ 1945

ಹಿಲ್ಯಾ ಅಕ್ಕಾ,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಪೊಟ್ಟಣ ಮೊನ್ನೆ ಬಂತು. ಅಮ್ಮನ ಏಲಕ್ಕಿ ಬ್ರೆಡ್ಡು ದಾರಿಯಲ್ಲಿ ಕಲ್ಲಾಗಿತ್ತು. ನಮ್ಮ ವೆಲ್ಡಿಂಗ್ ಶಾಪಿನ ಚೀಫ್ ತಿಬೊ ಅದನ್ನು ಮೇಜಿಗೆ ಬಡಿದು ನೋಡಿ, "ಲೋ ಮೀನುಗಾರ, ನಿಮ್ಮಮ್ಮ ಇದನ್ನ ಬೇಯ್ಸಿದ್ದೋ ವೆಲ್ಡ್ ಮಾಡಿದ್ದೋ?" ಎಂದ. ಆದರೂ ಕಾಫಿಯಲ್ಲಿ ಅದ್ದಿ ಅರ್ಧ ಅವನೇ ತಿಂದ. ಅಪ್ಪ ಬಲೆ ಬೀಸುವವನೆಂದು ನಾನು ಹೇಳಿದ ದಿನದಿಂದ ಇಲ್ಲಿ ನನಗೆ ಅದೇ ಹೆಸರು.

ನಾವು ಇದ್ದಲ್ಲೇ ಇದ್ದೇವೆ. ಎಲ್ಲಿ ಎಂದು ಬರೆಯುವಂತಿಲ್ಲ. ಬೇರೆ ಹಡಗುಗಳು ಯುದ್ಧಕ್ಕೆ ಹೋಗುತ್ತವೆ, ಮೈ ಒಡೆದುಕೊಂಡು ನಮ್ಮ ಪಕ್ಕಕ್ಕೆ ಬರುತ್ತವೆ, ಹೊಲಿಸಿಕೊಂಡು ಮತ್ತೆ ಹೋಗುತ್ತವೆ. ನಮ್ಮ ರಿಪೇರಿ ಹಡಗು ಮಾತ್ರ ಅಲುಗುವುದಿಲ್ಲ. ಅದಕ್ಕೇ ಆ ಹುಡುಗರು ಇದನ್ನು 'ಅಜ್ಜಿ' ಎಂದು ಕರೆಯುತ್ತಾರೆ. "ಏನಜ್ಜೀ, ನೀನು ಚೆಲ್ಲಿದ ಕಾಫಿ ಚರಟದ ಮೇಲೆ ನೀನೇ ಸಿಕ್ಕಾಕ್ಕೊಂಡ್ಯಾ?" ಎಂದು ದೋಣಿಗಳಿಂದ ಕೂಗುತ್ತಾರೆ.

ಈಗ ಕ್ಯಾಪ್ಟನ್‌ಗೆ ಅಜ್ಜಿಯ ಚರಿತ್ರೆ ಬೇಕಂತೆ. ಎಲ್ಲೆಲ್ಲಿ ಲಂಗರು ಹಾಕಿದಳು, ಯಾರ್ಯಾರ ಗಾಯ ಹೊಲಿದಳು, ಎಲ್ಲ. ಆ ಕೆಲಸ ಲೆಫ್ಟಿನೆಂಟ್ ಪ್ರೂಯಿಟ್‌ನ ತಲೆಗೆ ಬಿದ್ದಿದೆ. ನಮ್ಮ ಕಾಗದಗಳನ್ನು ಓದಿ ಕತ್ತರಿ ಆಡಿಸುವವನೂ ಅವನೇ. "ಕಂಗಾಸ್, ಊರಿಗೆಲ್ಲ ಕಾಗದ ಬರೀತೀಯಲ್ಲ, ವೆಲ್ಡಿಂಗ್ ಶಾಪಿಂದು ನೀನೇ ಬರ್ಕೊಡು" ಎಂದ. ಹೈಸ್ಕೂಲು ಮುಗಿಸದವನು ಚರಿತ್ರೆ ಬರೆಯುತ್ತಿದ್ದೇನೆ. ನಮ್ಮ ಹೆಡ್‌ಮಾಸ್ಟರ್ ಸಿಕ್ಕಿದರೆ ಹೇಳು.

ಮೊದಲ ಪುಟದಲ್ಲೇ ಜಗಳ. ಹೋದ ವಾರ ಉತ್ತರದ ಚಳಿಯಿಂದ ಒಂದು

(ಇಲ್ಲಿ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಲಾಗಿದೆ.)

ಅದಕ್ಕೇ ಕೇಳುತ್ತಿದ್ದೇನೆ. ನೀನು ಯಾವತ್ತಾದರೂ ವೆಲ್ಡಿಂಗ್ ಕಡ್ಡಿಗಳನ್ನು ಕರಗಿಸದೆ ಹಾಗೇ ಸಂದಿಯಲ್ಲಿ ಇಟ್ಟದ್ದುಂಟೇ? ಉಂಟು ಅಥವಾ ಇಲ್ಲ. ಒಂದು ಮಾತು ಸಾಕು.

ನಿನ್ನ ತಮ್ಮ,
ಆರ್ವೋ


ಒರೆಗಾನ್
4 ಮಾರ್ಚ್ 1945

ಆರ್ವೋ,

ನಿನ್ನ ಕಾಗದದ ನಡುವೆ ಕಿಟಕಿಯಷ್ಟು ದೊಡ್ಡ ತೂತು. ತೂತಿನ ಕೆಳಗೆ ಒಂದು ಪ್ರಶ್ನೆ. ಅದನ್ನು ಕೇಳುತ್ತಿರುವುದು ನೀನೋ, ಕತ್ತರಿ ಹಿಡಿದವನೋ?

ನನ್ನ ಸುದ್ದಿ ಹೇಳುತ್ತೇನೆ. ಹಡಗಿನ ಯಾರ್ಡಿನಲ್ಲಿ ನನ್ನನ್ನು ಮೂರನೇ ಕಟ್ಟೆಯಿಂದ ತೆಗೆದಿದ್ದಾರೆ. ಈಗ ಹಡಗು ಕಟ್ಟುವ ಕೆಲಸವಿಲ್ಲ, ಪೈಪ್ ಶೆಡ್ಡಿನಲ್ಲಿ ಕೂತು ಕೊಳವೆಗಳಿಗೆ ಬಳೆ ತೊಡಿಸುತ್ತೇನೆ. ಯಾಕೆಂದು ಮೇಸ್ತ್ರಿ ಹೆನ್ಸ್‌ಲೀಯನ್ನು ಕೇಳಿದೆ. "ಅಲ್ಲಿ ಗಾಳಿ ಬರಲ್ಲ, ನಿನ್ನ ಬಣ್ಣ ಕೆಡಲ್ಲ ಕಣಮ್ಮ" ಎಂದ. ಸುತ್ತ ಇದ್ದವರು ನಕ್ಕರು. ನಾನು ನಗಲಿಲ್ಲ. ಮೂರನೇ ಕಟ್ಟೆಯವರು ಎಲ್ಲರಿಗಿಂತ ಬೇಗ ಹಡಗು ಕಟ್ಟಿ ನೀರಿಗಿಳಿಸಿದರೆಂದು ಮತ್ತೆ ಬಾವುಟ ಗೆದ್ದಿದ್ದಾರೆ.

ಭಾನುವಾರ ಬಸ್ಸಿನಲ್ಲಿ ಅಸ್ಟೋರಿಯಾಕ್ಕೆ ಹೋಗಿದ್ದೆ. ನದಿಗೆ ಸ್ಮೆಲ್ಟ್ ಮೀನು ಬಂದಿದೆ. ಅಪ್ಪನಿಗೆ ಕೆಮ್ಮು. ಆದರೂ ಸೌನಾದ ಹಬೆಯಲ್ಲಿ ಕೂತು, ಕಾದ ಕಲ್ಲಿಗೆ ಒಂದೇ ಸಮನೆ ನೀರು ಸುರಿದು, ಅಮ್ಮನಿಂದ ಬೈಸಿಕೊಂಡ. ನಿನ್ನ ಭಾವ ಎಯ್ನೋ ಕಾಗದ ಬರೆದಿದ್ದಾನೆ. ಅವನ ಟ್ಯಾಂಕರ್ ಈಗ ನಿಮ್ಮ ಕಡೆಯ ಸಮುದ್ರಗಳಿಗೆ ಎಣ್ಣೆ ಹೊರುತ್ತಿದೆಯಂತೆ. ಎಂಜಿನ್ ಕೋಣೆಯ ಸೆಕೆಗೆ ಬೆವರು ಸುರಿದು ಮದುವೆಯ ಉಂಗುರ ತಾನೇ ಜಾರಿ ಬಿತ್ತಂತೆ. ನಿಜವೋ ನೆಪವೋ.

ನಿನ್ನ ಪ್ರಶ್ನೆಗೆ ಉತ್ತರ ಬೇಕಿದ್ದರೆ ಮೊದಲು ಪೂರ್ತಿ ಪ್ರಶ್ನೆ ಕೇಳು. ಮೇಷ್ಟ್ರಿಗೆ ಎದುರಾಡಿ ಶಾಲೆ ಬಿಟ್ಟು ಬಂದೆ. ನೌಕಾಪಡೆಯವರು ಅಷ್ಟು ಸುಲಭಕ್ಕೆ ಮನೆಗೆ ಕಳಿಸುವುದಿಲ್ಲ. ನೆನಪಿರಲಿ.

ಹಿಲ್ಯಾ


25 ಮಾರ್ಚ್ 1945

ಅಕ್ಕಾ,

ಇದನ್ನು ನಿನ್ನ ಕೈಗೆ ಕೊಡುವವನು ಸ್ಟಾಂಕೊ. ನನ್ನ ಪಕ್ಕದ ಬಂಕಿನವನು. ಪ್ರೆಸ್ಸಿಗೆ ಸಿಕ್ಕಿ ಎರಡು ಬೆರಳು ಹೋದವು, ಮನೆಗೆ ಹೋಗುತ್ತಿದ್ದಾನೆ. ಹೀಗೆ ಕಾಗದ ಕಳಿಸುವುದು ತಪ್ಪು. ಅವನ ವಿಮಾನ ಹೊರಟ ಮೇಲೆ ನಾನೇ ಹೋಗಿ ಪ್ರೂಯಿಟ್‌ಗೆ ಹೇಳುತ್ತೇನೆ. ಮೊದಲೇ ಹೇಳಿದರೆ ಕಾಗದ ಹೋಗುವುದಿಲ್ಲ.

ಕತ್ತರಿಸಿದ ಮಾತು ಇದು. ಉತ್ತರದಿಂದ ಒಂದು ಟ್ಯಾಂಕರ್ ಬಂತು. ಪಂಪುಮನೆಯ ಹಿಂದಿನ ಮೂಲೆಯಿಂದ ಡೆಕ್ಕು ಅಡ್ಡಡ್ಡ ಬಿರುಕು ಬಿಟ್ಟಿತ್ತು. ಗುಂಡಿಲ್ಲ, ಬಾಂಬಿಲ್ಲ, ಸುಮ್ಮನೆ ಚಳಿಗೆ ಬಿಟ್ಟ ಬಿರುಕು. ಡೆಕ್ಕಿನ ಮೇಲೆ ನಿಂತು ಬೆಸುಗೆ ಕತ್ತರಿಸಿ ತೆಗೆದೆ. ಎರಡು ಪ್ಲೇಟುಗಳ ನಡುವೆ ಸಂದಿ ಅಗಲವಾಗಿದ್ದರೆ ಪದರದ ಮೇಲೆ ಪದರ ಕರಗಿಸಿ ತುಂಬಬೇಕು, ಅದನ್ನು ನನಗೆ ಕಲಿಸಿದವಳು ನೀನು. ಇಲ್ಲಿ ಯಾರೋ ಇಡೀ ಇಡೀ ಕಡ್ಡಿಗಳನ್ನು ಸೌದೆಯಂತೆ ಸಾಲಾಗಿ ಮಲಗಿಸಿ, ಮೇಲೆ ಒಂದೇ ಪದರ ಎಳೆದು ಮುಚ್ಚಿದ್ದಾರೆ. ಅಮ್ಮನ ಮೀನಿನ ರೊಟ್ಟಿಯನ್ನು ಒಲೆಯಿಂದ ಬೇಗ ತೆಗೆದರೆ ಹೇಗೆ? ಮೇಲೆ ಹಿಟ್ಟು ಕೆಂಪಗೆ ಚೆಂದ, ಕೊಯ್ದರೆ ಒಳಗೆ ಮುಳ್ಳು ಬೇಯದೆ ಹಾಗೇ ಇರುತ್ತದೆ. ಇದೂ ಹಾಗೇ.

ಚೀಫ್‌ಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, "ಕಿತ್ತು ಬಿಸಾಕು, ಹೊಸದಾಗಿ ತುಂಬು, ಬಾಯಿ ಮುಚ್ಚು. ನಾವು ದರ್ಜಿಗಳು ಕಣೋ. ಅಂಗಿ ಯಾಕೆ ಹರೀತು ಅಂತ ದರ್ಜಿ ಕೇಳಲ್ಲ" ಎಂದ. ಚರಿತ್ರೆಯಲ್ಲಿ ನಾನು "ಒಳಗೆ ಕರಗಿಸದ ಕಡ್ಡಿಗಳಿದ್ದವು" ಎಂದು ಬರೆದೆ. ಪ್ರೂಯಿಟ್ ಅದನ್ನು ಹೊಡೆದುಹಾಕಿ "ಡೆಕ್ ಬಿರುಕು ದುರಸ್ತಿ" ಎಂದು ಮಾಡಿದ.

ಆ ಟ್ಯಾಂಕರ್ ನಿನ್ನ ಯಾರ್ಡಿನದು. ಮೂರನೇ ಕಟ್ಟೆಯದು.

ಇನ್ನೊಂದು ಮಾತು. ಇದನ್ನು ಯಾರಿಗೂ ಹೇಳಿಲ್ಲ. ಬೆಸುಗೆಯ ಮೇಲಿನ ಸಣ್ಣ ಅಲೆಗಳು ಬಾಗಿದ ಕಡೆ ನೋಡಿದರೆ ಕೈ ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಬಲಗೈಯವರು ಎಡದಿಂದ ಬಲಕ್ಕೆ ಎಳೆಯುತ್ತಾರೆ. ಆ ಮೂಲೆಯಿಂದ ಕತ್ತರಿಸಿದ ತುಂಡನ್ನು ತಿರುಗಿಸಿ ನೋಡಿದೆ, ಕೆಳಗಿನಿಂದ ಎಳೆದ ಪದರ ಬಲದಿಂದ ಎಡಕ್ಕೆ ಹೋಗಿತ್ತು. ಮೂರನೇ ಕಟ್ಟೆಯ ಗುಂಪಿನಲ್ಲಿ ಎಡಗೈಯವಳು ನೀನೊಬ್ಬಳೇ ಎಂದು ಹಿಂದೆ ನೀನೇ ಹೆಮ್ಮೆಯಿಂದ ಬರೆದಿದ್ದೆ.

ಎಯ್ನೋ ಭಾವನ ಹಡಗು ಅದೇ ಕಟ್ಟೆಯಿಂದ ಇದರ ಬೆನ್ನಿಗೇ ಇಳಿದದ್ದು. ಅದರ ಮೂಲೆಯಲ್ಲೂ ಹೀಗೇ ಇದ್ದರೆ ಒಂದು ದೊಡ್ಡ ಬಿರುಗಾಳಿ ಸಾಕು, ಹಡಗು ಎರಡು ಹೋಳು. ಅವನಿರುವುದು ತಳದಲ್ಲಿ.

ಈಗ ಪ್ರಶ್ನೆ ಪೂರ್ತಿಯಾಯಿತು. ಅದು ನಿನ್ನ ಕೈಯೇ?

ಆರ್ವೋ


ಒರೆಗಾನ್
29 ಏಪ್ರಿಲ್ 1945

ಆರ್ವೋ,

ನಿನ್ನ ಸ್ಟಾಂಕೊ ಬಂದಿದ್ದ. ಕೈಯನ್ನು ಜೇಬಿನಿಂದ ತೆಗೆಯದೆ ಕಾಫಿ ಕುಡಿದ. ನಿನ್ನ ಕಾಗದ ಓದುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೂ ಹೇಳಿ ಕಳಿಸಿದ್ದೆಯಾ, ಮುಖ ಹೇಗಾಗುತ್ತದೆ ನೋಡಿಕೋ ಎಂದು?

ಹೋದ ವಾರ ಯಾರ್ಡಿಗೆ ಟೊಪ್ಪಿ ಹಾಕಿದ ಇಬ್ಬರು ಬಂದರು. ಮೂರನೇ ಕಟ್ಟೆಯಲ್ಲಿ ಎಡಗೈಯವರು ಯಾರೆಂದು ಕೇಳಿದರು. ಕಡ್ಡಿಯ ವಿಷಯ ಕೇಳಲಿಲ್ಲ, ಬಿರುಕಿನ ವಿಷಯ ಕೇಳಲಿಲ್ಲ. ಎಡಗೈ ಯಾರದು, ಅಷ್ಟೇ. ಯಾರಿಗೂ ಹೇಳಿಲ್ಲ ಎಂದು ನೀನು ಬರೆದದ್ದು ಮಾರ್ಚ್ ಇಪ್ಪತ್ತೈದಕ್ಕೆ. ಇಪ್ಪತ್ತಾರಕ್ಕೆ ಎಷ್ಟು ಜನಕ್ಕೆ ಹೇಳಿದೆ?

ಹೆನ್ಸ್‌ಲೀ ಪೈಪ್ ಶೆಡ್ಡಿನ ತನಕ ಬಂದು ನನ್ನ ಪಕ್ಕ ಕೂತ. "ನಿನ್ನ ತಮ್ಮ ನೌಕಾಪಡೇಲಿದಾನಲ್ವಾ? ಚೆನ್ನಾಗಿದಾನಾ?" ಎಂದು ಕೇಳಿದ. ನಿನ್ನ ವಿಷಯ ನಾನು ಅವನಿಗೆ ಎಂದೂ ಹೇಳಿರಲಿಲ್ಲ. ಊಟದ ಹೊತ್ತಿನಲ್ಲಿ ಈಗ ನನ್ನ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ.

ನಿನಗೆ ವೆಲ್ಡಿಂಗ್ ಕಲಿಸಿದವಳು ನಾನು. ಮುಖವಾಡ ತೆಗೆಯಲು ನಿನಗೆ ಆತುರ, ಕಣ್ಣಿಗೆ ಕೆಂಡ ಬಿದ್ದ ಹಾಗೆ ಉರಿದು ಎರಡು ದಿನ ಮಲಗಿದ್ದೆ. ಆಲೂಗೆಡ್ಡೆ ಕೊಯ್ದು ಕಣ್ಣಿಗೆ ಕಟ್ಟಿದ್ದು ಯಾರು? ಅಂಥ ನೀನು ಎಲ್ಲೋ ಒಂದು ಅಲೆ ನೋಡಿ, ಅದರಲ್ಲಿ ನನ್ನ ಮುಖ ಕಂಡೆಯಲ್ಲ. ನಾನು ಉತ್ತರ ಹೇಳುವುದಿಲ್ಲ. ಉಂಟು ಎಂದರೂ ಇಲ್ಲ ಎಂದರೂ ನೀನು ಅದನ್ನು ತೆಗೆದುಕೊಂಡು ನಿನ್ನ ಲೆಫ್ಟಿನೆಂಟ್ ಬಳಿಗೆ ಓಡುತ್ತೀಯ.

ಎಯ್ನೋನಿಂದ ಆರು ವಾರದಿಂದ ಕಾಗದವಿಲ್ಲ. ರೇಡಿಯೋದಲ್ಲಿ ನಿಮ್ಮ ಕಡೆ ಬಿರುಗಾಳಿಯ ಕಾಲ ಬರುತ್ತಿದೆ ಎನ್ನುತ್ತಾರೆ. ಅವನ ಹಡಗು ನಿಮ್ಮ ಕಡೆ ಬಂದರೆ ಆ ಮೂಲೆಯನ್ನು ತೆರೆಸಿ ನೋಡು. ಅಷ್ಟು ಮಾಡು. ನನ್ನನ್ನು ಏನು ಬೇಕಾದರೂ ಅಂದುಕೋ.

ಹಿಲ್ಯಾ


ಯು.ಎಸ್.ಎಸ್. ಟೆಲ್ಕಿನ್
20 ಮೇ 1945

ಅಕ್ಕಾ,

ಹೌದು, ಹೇಳಿದೆ. ಸ್ಟಾಂಕೊ ಹೋದ ಮೇಲೆ ಪ್ರೂಯಿಟ್ ಎದುರು ನಿಂತು, "ಸರ್, ನಿಮ್ಮ ಕತ್ತರಿ ತಪ್ಪಿಸಿ ಒಂದು ಕಾಗದ ಕಳ್ಸಿದೀನಿ" ಎಂದೆ. ಅವನು ಪೆನ್ನು ಕೆಳಗಿಟ್ಟು, "ಕಂಗಾಸ್, ನೀನು ದಡ್ಡನೋ, ಇಲ್ಲಾ ನನ್ನನ್ನ ದಡ್ಡ ಅಂದ್ಕೊಂಡಿದೀಯೋ?" ಎಂದ. ಕಾಗದದಲ್ಲಿ ಏನಿತ್ತೆಂದು ಕೇಳಿದ. ಕೇಳಿದ, ಹೇಳಿದೆ. ಕಡ್ಡಿ, ಮೂಲೆ, ಎಡಗೈ. ನಿನ್ನ ಹೆಸರು ಕೇಳಲಿಲ್ಲ, ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಆ ಎಡಗೈಯವಳು ನನ್ನ ಅಕ್ಕ ಎಂದು ಅವನಿಗೆ ಆಗಲೇ ಅರ್ಥವಾಗಿತ್ತು ಎಂದು ಈಗ ಅನ್ನಿಸುತ್ತದೆ. ನನ್ನ ಕಾಗದಗಳನ್ನೆಲ್ಲ ಓದಿದವನಲ್ಲವೇ. ಇದನ್ನೂ ಓದುತ್ತಿದ್ದಾನೆ.

ಶಿಕ್ಷೆಗೆಂದು ಅಜ್ಜಿಯ ತಳಕ್ಕೆ ಇಳಿಸಿದ್ದಾರೆ. ಕೊಳೆತ ಎಣ್ಣೆ ಕೆರೆಯುತ್ತಿದ್ದೇನೆ. ಚೀಫ್ ಮೇಲಿನಿಂದ ಬಗ್ಗಿ, "ಏನೋ ಮೀನುಗಾರ, ಬಲೆಗೆ ಏನಾದ್ರೂ ಬಿತ್ತಾ?" ಎಂದು ಕೇಳಿ ಹೋಗುತ್ತಾನೆ.

ಎಯ್ನೋ ಭಾವನ ಹಡಗಿನ ವಿಷಯ ಚೀಫ್‌ನನ್ನೇ ಕೇಳಿದೆ. ಅದು (ಇಲ್ಲಿ ಒಂದು ಸಾಲು ಕತ್ತರಿಸಲಾಗಿದೆ) ತಿಂಗಳಲ್ಲಿ ಬರಬಹುದಂತೆ. ಮೂಲೆ ತೆರೆಯುತ್ತೀರಾ ಎಂದೆ. ಅವನಿಗೆ ಸಿಟ್ಟು ಬಂತು. "ಬಿರುಕಿಲ್ಲ, ಸೋರಿಕೆಯಿಲ್ಲ, ಎಣ್ಣೆಗೆ ಅಂತ ಇಡೀ ಪಡೆ ಕಾಯ್ತಾ ಇರತ್ತೆ. ನೋಡಕ್ಕೆ ಗಟ್ಟಿಯಾಗಿರೋ ಹಡಗನ್ನ ನಿಲ್ಲಿಸಿ ಹೊಟ್ಟೆ ಕೊಯ್ಯಿ ಅಂತೀಯಲ್ಲ. ರೋಗ ಇಲ್ದೆ ಹೊಟ್ಟೆ ಕೊಯ್ಯೋ ಡಾಕ್ಟ್ರು ಯಾರೋ ಇದಾರೆ?"

"ಒಂದು ಹಡಗಲ್ಲಿ ಸಿಕ್ಕಿತಲ್ಲ ಚೀಫ್."

"ಒಂದು ಹಡಗಲ್ಲಿ ಸಿಕ್ಕಿತು. ಆ ಕೈ ಮುಂದಿನ ಹಡಗಲ್ಲೂ ಅದನ್ನೇ ಮಾಡಿದೆ ಅಂತ ಯಾರು ಹೇಳ್ಬೇಕು? ನೀನಾ? ಆ ಕೈಯವರೇ ಬಂದು 'ನಾನೇ ಮಾಡ್ದೆ, ಇಲ್ಲಿಲ್ಲಿ ಮಾಡ್ದೆ' ಅಂತ ಹೇಳ್ಲಿ. ಆಗ ಲೆಫ್ಟಿನೆಂಟ್ ಸಹಿ ಹಾಕ್ತಾನೆ, ನಾನು ಕತ್ತರಿಸ್ತೀನಿ."

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಅದಕ್ಕೆ ನಾನು ಸೇರಿಸಿದ್ದು ಒಂದೂ ಇಲ್ಲ.

ಆರ್ವೋ


ಒರೆಗಾನ್
10 ಜೂನ್ 1945

ಆರ್ವೋ,

ಇದರ ಜೊತೆಗಿರುವ ಹಾಳೆಯನ್ನು ನಿನ್ನ ಲೆಫ್ಟಿನೆಂಟ್‌ಗೆ ಕೊಡು. ಇನ್ನೊಂದು ಪ್ರತಿಯನ್ನು ಹಡಗುಗಳನ್ನು ತಪಾಸಣೆ ಮಾಡುವ ಸರ್ಕಾರಿ ಕಚೇರಿಗೆ ಕೊಟ್ಟು ಬಂದಿದ್ದೇನೆ. ಅಲ್ಲಿನ ಗುಮಾಸ್ತ ಎರಡು ಸಲ ಓದಿ, "ಇದ್ರ ಅರ್ಥ ಗೊತ್ತಾ ನಿಮಗೆ?" ಎಂದ. ಗೊತ್ತು ಎಂದೆ.

ಅಪ್ಪ ಅಮ್ಮನಿಗೆ ತಿಳಿಸಿಲ್ಲ. ಎಯ್ನೋಗೂ ಹೇಳಬೇಡ.

ಹಿಲ್ಯಾ

(ಜೊತೆಗಿದ್ದ ಹಾಳೆ)

ಹಿಲ್ಯಾ ರಂತನೆನ್ ಎಂಬ ನಾನು, ಮೂರನೇ ಕಟ್ಟೆಯಲ್ಲಿ ವೆಲ್ಡರ್ ಆಗಿದ್ದಾಗ, ಟ್ಯಾಂಕರ್‌ಗಳ ಪಂಪುಮನೆಯ ಹಿಂದಿನ ಎರಡೂ ಮೂಲೆಗಳ ಸಂದಿಯಲ್ಲಿ ಇಡೀ ಇಡೀ ಕಡ್ಡಿಗಳನ್ನು ಸೌದೆಯಂತೆ ಸಾಲಾಗಿ ಮಲಗಿಸಿ, ಮೇಲೆ ಒಂದೇ ಪದರ ಎಳೆದು ಮುಚ್ಚಿದ್ದೇನೆ. ಈಗ ಬಿರುಕು ಬಿಟ್ಟ ಟ್ಯಾಂಕರ್ ಕಟ್ಟಿದ ಚಳಿಗಾಲದಲ್ಲಿ ಆ ಕಟ್ಟೆಯಿಂದ ಇಳಿದ ಎಲ್ಲ ಟ್ಯಾಂಕರ್‌ಗಳಲ್ಲೂ ಹೀಗೇ ಮಾಡಿದ್ದೇನೆ. ಇದನ್ನು ಯಾರ ಬಲವಂತವೂ ಇಲ್ಲದೆ ಬರೆದಿದ್ದೇನೆ.


ಯು.ಎಸ್.ಎಸ್. ಟೆಲ್ಕಿನ್
8 ಜುಲೈ 1945

ಅಕ್ಕಾ,

ಎಯ್ನೋ ಭಾವ ಬಂದ. ಹಾಳೆ ಅವನಿಗಿಂತ ನಾಲ್ಕು ದಿನ ಮೊದಲು ಬಂದಿತ್ತು. ಪ್ರೂಯಿಟ್ ಅದನ್ನು ಓದಿ ನನ್ನ ಕಡೆ ನೋಡಿದ. ಸಹಿ ಹಾಕಿದ.

ಭಾವ ಹಲಗೆ ದಾಟಿ ನಮ್ಮ ಡೆಕ್ಕಿಗೆ ಬಂದಾಗ ಚೀಫ್ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವನೇ ಏನೋ ನಿನ್ನ ಭಾವ? ಇಷ್ಟು ಸಣ್ಣಗಿದಾನೆ, ಸಂದಿಗೆ ಇವನನ್ನೇ ತುಂಬಬಹುದಿತ್ತು" ಎಂದ. ಭಾವ ನಕ್ಕ. ಏನು ನಡೆಯುತ್ತಿದೆ ಎಂದು ಅವನಿಗೆ ಗೊತ್ತಿಲ್ಲ. ಮಾಮೂಲಿ ತಪಾಸಣೆ ಎಂದುಕೊಂಡಿದ್ದಾನೆ. "ನಿಮ್ಮಕ್ಕ ಹೇಗಿದಾಳೋ? ಅವಳ ಕಾಗದದಲ್ಲಿ ಈಗೀಗ ಬರೀ ಹವಾಮಾನ. ನನ್ಮೇಲೆ ಕೋಪಾನಾ? ಉಂಗುರದ ವಿಷಯ ನಿಜ ಕಣೋ, ನೋಡು" ಎಂದು ಕುತ್ತಿಗೆಯ ದಾರದಲ್ಲಿ ಕಟ್ಟಿಕೊಂಡದ್ದನ್ನು ತೋರಿಸಿದ. ಕೋಪವಿಲ್ಲ ಎಂದೆ. ಅಷ್ಟು ನನಗೆ ಗೊತ್ತಿದೆ, ಸುಳ್ಳಲ್ಲ.

ಟ್ಯಾಂಕಿಗೆ ಹಬೆ ಹಾಯಿಸಿ ತೊಳೆದು, ಗ್ಯಾಸ್ ಇಲ್ಲವೆಂದು ನೋಡಿ, ಚೀಫ್ ಮೇಲಿನಿಂದ ಕತ್ತರಿಸಿದ. ಒಳಗೆ ಕಡ್ಡಿಗಳಿದ್ದವು. ಬೆಸುಗೆ ತುದಿಯಲ್ಲಿ ಆಗಲೇ ಕೂದಲಿನಷ್ಟು ಸೀಳಿತ್ತು. ಹೊರಗಿನಿಂದ ಕಾಣುತ್ತಿರಲಿಲ್ಲ. ಚೀಫ್ ಮುಖವಾಡ ಎತ್ತಿ, "ಒಂದು ಬಿರುಗಾಳಿ" ಎಂದ. ಈಗ ಎರಡೂ ಮೂಲೆ ಗಟ್ಟಿಯಾಗಿವೆ. ಪದರದ ಮೇಲೆ ಪದರ. ನಾನೇ ತುಂಬಿದೆ. ಭಾವ ನಿನ್ನೆ ಹೊರಟ.

ಒಂದು ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ. ಮೊದಲ ಟ್ಯಾಂಕರ್‌ನಲ್ಲಿ ನಾನು ಮೇಲಷ್ಟೇ ನಿಂತಿದ್ದೆ. ಇಲ್ಲಿ ಕೆಳಗಿನಿಂದ ತುಂಬಲು ಆ ಮೂಲೆಯಲ್ಲಿ ಅಂಗಾತ ಮಲಗಬೇಕಾಯಿತು. ಎಡದಿಂದ ಬಲಕ್ಕೆ ಎಳೆಯಲು ಹೋದೆ. ಮೊಣಕೈ ಉಕ್ಕಿನ ಆಸರೆಗೆ ಹೊಡೆಯಿತು. ತಿರುಗಿ ಮಲಗಿದರೆ ತಲೆ ಹಿಡಿಯುವುದಿಲ್ಲ. ಕೊನೆಗೆ ನನ್ನ ಬಲಗೈಯಲ್ಲೇ ಬಲದಿಂದ ಎಡಕ್ಕೆ ಎಳೆದೆ. ಬೇರೆ ದಾರಿಯಿಲ್ಲ. ಆ ಮೂಲೆಯಲ್ಲಿ ಯಾರು ಮಲಗಿದರೂ ಕೈ ಹಾಗೇ ಹೋಗುತ್ತದೆ. ಆ ಅಲೆಗಳು ನಿನ್ನ ಬಗ್ಗೆ ಏನನ್ನೂ ಹೇಳಿರಲಿಲ್ಲ. ನಾನೇ ಹಾಗೆ ಓದಿಕೊಂಡೆ, ಅಷ್ಟೇ.

ಕ್ಷಮಿಸು. ಮತ್ತೆ, ನನ್ನಲ್ಲಿ ಈಗ ಬೇರೆ ಒಂದು ಪ್ರಶ್ನೆ ಇದೆ. ಈ ಕಾಗದದಲ್ಲಿ ಬರೆಯುವುದಿಲ್ಲ. ಯಾವುದೆಂದು ನಿನಗೆ ಗೊತ್ತು.

ಆರ್ವೋ


ಅಸ್ಟೋರಿಯಾ
5 ಆಗಸ್ಟ್ 1945

ಆರ್ವೋ,

ನಿನ್ನ ಕಾಗದ ಬಂದ ದಿನ ನಾನು ಅಪ್ಪನ ದೋಣಿಯಲ್ಲಿದ್ದೆ. ಅಮ್ಮ ದಡಕ್ಕೆ ಬಂದು ಕೂಗಿ ಕೊಟ್ಟಳು. ಓದಿ ಮುಗಿಸಿ ಜೇಬಿಗೆ ಹಾಕಿಕೊಂಡು ಮತ್ತೆ ಬಲೆ ಎಳೆಯತೊಡಗಿದೆ. "ಏನಂತೆ?" ಎಂದು ಅಪ್ಪ ಕೇಳಿದ. "ಎಯ್ನೋ ಸಣ್ಣಗಾಗಿದಾನಂತೆ" ಎಂದೆ.

ಯಾರ್ಡಿನಿಂದ ತೆಗೆದುಹಾಕಿದ್ದಾರೆ. ಯೂನಿಯನ್ನಿನವರು ಕಾರ್ಡು ಕಿತ್ತುಕೊಂಡರು. ನದಿಯ ಉದ್ದಕ್ಕೂ ಇನ್ನು ನನಗೆ ಯಾರೂ ವೆಲ್ಡಿಂಗ್ ಹೋಲ್ಡರ್ ಕೈಗೆ ಕೊಡುವುದಿಲ್ಲ. ನಮ್ಮ ಬೀದಿಯಲ್ಲೂ ಸುದ್ದಿ ಹರಡಿದೆ. ಹಾಲಿನಂಗಡಿಯಲ್ಲಿ ಕ್ಯಾಲ್ಲೆ ಮುದುಕಿ ನನ್ನ ಕೈ ನೋಡಿ, "ಈ ಕೈಯಲ್ಲೇ ಏನಮ್ಮಾ?" ಎಂದಳು. ಅವಳ ಮಗ ಹಡಗಿನಲ್ಲಿದ್ದಾನೆ. ನಾನು ಹಾಲಿನ ದುಡ್ಡು ಎಣಿಸಿ ಕೊಟ್ಟು ಬಂದೆ. ಈಗ ಅಮ್ಮನಿಗೂ ಗೊತ್ತು. ಅವಳು ನನ್ನ ಜೊತೆ ಅಡುಗೆಯ ಮಾತು ಬಿಟ್ಟು ಬೇರೆ ಆಡುವುದಿಲ್ಲ.

ಆದರೆ ಇದನ್ನು ಕೇಳು. ಆ ಹಾಳೆ ಹಿಡಿದುಕೊಂಡು ಅವರು ಆ ಚಳಿಗಾಲದ ಬೇರೆ ಹಡಗುಗಳನ್ನೂ ತೆರೆಯುತ್ತಿದ್ದಾರೆ. ಸಿಯಾಟಲ್‌ನಲ್ಲಿ ಒಂದರಲ್ಲಿ ಸಿಕ್ಕಿತಂತೆ, ದಕ್ಷಿಣದಲ್ಲಿ ಇನ್ನೊಂದರಲ್ಲಿ. ಉಳಿದವು ಇನ್ನೂ ಸಮುದ್ರದಲ್ಲಿವೆ. ಬಂದ ಹಾಗೆ ತೆರೆಯುತ್ತಾರೆ. ಹೆನ್ಸ್‌ಲೀ ಸುಮ್ಮನಿಲ್ಲ. "ಆ ಫಿನ್ ಹೆಂಗಸು ಗಂಡನ ಹಡಗು ಬಿಚ್ಚಿಸಕ್ಕೆ ಕಥೆ ಕಟ್ಟಿದಾಳೆ. ನನ್ನ ಕಟ್ಟೇಲಿ ಅಂಥದ್ದು ನಡ್ದೇ ಇಲ್ಲ. ಎಲ್ಲೋ ಒಂದೆರಡರಲ್ಲಿ ಸಿಕ್ಕಿದ್ದಕ್ಕೆ ಎಲ್ಲಾ ಹಡಗು ಕೊಯ್ತೀರಾ?" ಎಂದು ಕಚೇರಿಯಲ್ಲಿ ಕೂಗಾಡಿದನಂತೆ. ಅವನ ಮಾತೇ ಗೆದ್ದರೆ ತೆರೆಯುವುದು ನಿಲ್ಲುತ್ತದೆ. ಜನವರಿಯಲ್ಲಿ ವಿಚಾರಣೆ ಇದೆ.

ಅದಕ್ಕೇ ನಿನ್ನ ಪ್ರಶ್ನೆ ನನಗೆ ಬೇಡ. ನಾನು ಏನು ಹೇಳಿದರೂ ಅದು ನಿನ್ನೊಳಗೆ ನಿಲ್ಲುವುದಿಲ್ಲ. ನೀನು ಹುಟ್ಟಿದ್ದೇ ಹಾಗೆ. ಅದು ಕೆಟ್ಟದ್ದು ಎನ್ನುತ್ತಿಲ್ಲ. ಆದರೆ ಈ ಒಂದು ಸಲ, ನಿಜ ಹೇಳಿ ನನ್ನನ್ನು ಉಳಿಸಲು ಬರಬೇಡ.

ಹಿಲ್ಯಾ


ಉಲಿಥಿ ದ್ವೀಪಗಳು
16 ಸೆಪ್ಟೆಂಬರ್ 1945

ಅಕ್ಕಾ,

ಕತ್ತರಿ ಹೋಯಿತು. ಇನ್ನು ಹೆಸರು ಬರೆಯಬಹುದು. ಇಷ್ಟು ದಿನ ನಾವು ಇದ್ದದ್ದು ಉಲಿಥಿ. ನಕಾಶೆಯಲ್ಲಿ ಹುಡುಕಬೇಡ, ನೊಣ ಕೂತ ಕಲೆ ಎಂದುಕೊಳ್ಳುತ್ತೀಯ. ಯುದ್ಧ ಮುಗಿದ ರಾತ್ರಿ ಎಲ್ಲ ಹಡಗುಗಳೂ ಸಿಳ್ಳೆ ಹಾಕಿದವು. ಅಜ್ಜಿಯ ಸಿಳ್ಳೆ ಕೆಟ್ಟಿತ್ತು. ಊರಿನದೆಲ್ಲ ರಿಪೇರಿ ಮಾಡುವವರಿಗೆ ನಮ್ಮದು ಮಾಡಲು ಪುರುಸೊತ್ತು ಸಿಕ್ಕಿರಲಿಲ್ಲ.

ಆ ಹೊತ್ತಿಗೆ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಭಾವನ ಹಡಗಿನ ಮೂಲೆಯಲ್ಲಿ ಇದ್ದದ್ದು ಇಡೀ ಕಡ್ಡಿಗಳಲ್ಲ. ಮೊಟಕುಗಳು. ವೆಲ್ಡ್ ಮಾಡಿ ಬಿಸಾಡಿದ ತುದಿಗಳನ್ನು ನೆಲದಿಂದ ಗುಡಿಸಿ, ಕಸದ ಹಾಗೆ ತುಂಬಿದ್ದರು. ತುಂಬಿದವರಿಗೆ ಅದು ಗೊತ್ತಿರುತ್ತದೆ. ನಿನ್ನ ಹಾಳೆಯಲ್ಲಿ ಇದ್ದದ್ದು "ಇಡೀ ಇಡೀ ಕಡ್ಡಿಗಳನ್ನು ಸೌದೆಯಂತೆ ಸಾಲಾಗಿ". ಅದು ಮೊದಲ ಟ್ಯಾಂಕರ್‌ನ ಬಗ್ಗೆ ಸ್ಟಾಂಕೊ ಕೈಯಲ್ಲಿ ನಾನು ಬರೆದು ಕಳಿಸಿದ ಮಾತು. ಒಂದಕ್ಷರ ಬದಲಾಗಿಲ್ಲ.

ಚೀಫ್‌ಗೂ ಅದು ಕಂಡಿತ್ತು. ಹಾಳೆಯನ್ನು ಅವನೂ ಓದಿದ್ದ. ಮೊಟಕುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಸ್ವಲ್ಪ ಹೊತ್ತು ಆಡಿಸಿದ. ಆಮೇಲೆ ಸಮುದ್ರಕ್ಕೆ ಎಸೆದ. "ಚೀಫ್, ಅದು ಸಾಕ್ಷಿ" ಎಂದೆ. "ಯಾವ್ದು?" ಎಂದ. "ನೀವು ಎಸೆದದ್ದು." "ನಾನೇನೂ ಎಸೀಲಿಲ್ಲಪ್ಪ. ಕೈ ಜಾರ್ತು. ವಯಸ್ಸಾಯ್ತು ನೋಡು" ಎಂದು ಮುಖವಾಡ ಇಳಿಸಿದ. ಪ್ರೂಯಿಟ್‌ನ ಚರಿತ್ರೆಯಲ್ಲಿ ಆ ದಿನಕ್ಕೆ "ಟ್ಯಾಂಕರ್, ಡೆಕ್ ದುರಸ್ತಿ" ಎಂದಿದೆ. ಈ ಸಲ ನಾನೇ ಹಾಗೆ ಬರೆದುಕೊಟ್ಟೆ. ಅವನು ಎರಡು ಸಲ ಓದಿದ, ಹೊಡೆದುಹಾಕಲು ಏನೂ ಸಿಗದೆ ನನ್ನನ್ನೇ ನೋಡಿದ.

ಹೋದ ಗುರುವಾರ ತಪಾಸಣೆಯ ಕಚೇರಿಯಿಂದ ಒಬ್ಬ ಬಂದ. ಒಳ್ಳೆಯ ಮನುಷ್ಯನ ಹಾಗೆ ಕಂಡ, ಅದಕ್ಕೇ ಹೆದರಿಕೆಯಾಯಿತು. ಮೊದಲ ಟ್ಯಾಂಕರ್‌ನಿಂದ ಕತ್ತರಿಸಿದ ತುಂಡನ್ನು ಪ್ರೂಯಿಟ್ ಎತ್ತಿಟ್ಟಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ. ಅದನ್ನು ಮೇಜಿನ ಮೇಲಿಟ್ಟು, "ಕಂಗಾಸ್, ನಿಂಗೆ ಈ ಕೆಲಸ ಕಲ್ಸಿದ್ದು ನಿಮ್ಮಕ್ಕ. ಅವರ ಕೈ ನಿಂಗೆ ಗೊತ್ತಿರತ್ತೆ. ಇದು ಅವರದಾ? ಮೇಸ್ತ್ರಿ ಅಲ್ಲ ಅಂತಾನೆ. ನೀನು ಅಲ್ಲ ಅಂದ್ರೆ ನಾನು ಈ ಫೈಲು ಮುಚ್ಚಿ ಮನೆಗೆ ಹೋಗ್ತೀನಿ" ಎಂದ.

ಅಲ್ಲ ಎಂದು ಒಂದು ಮಾತು ಸಾಕಿತ್ತು. ನಿನಗೆ ಕಾರ್ಡು ವಾಪಸು ಬರುತ್ತಿತ್ತು. ಕ್ಯಾಲ್ಲೆ ಮುದುಕಿ ನಿನ್ನ ಕೈ ಹಿಡಿದು ಅಳುತ್ತಿದ್ದಳು. ಉಳಿದ ಹಡಗುಗಳು ಮುಚ್ಚಿಕೊಂಡೇ ತಿರುಗುತ್ತಿದ್ದವು.

"ನೋಡಿ ಹೇಳಕ್ಕಾಗಲ್ಲ ಸರ್" ಎಂದೆ.

"ಅಲೆ ಎಡಕ್ಕೆ ಹೋಗಿದೆ ಅಂತ ನೀನೇ ಹೇಳಿದ್ಯಂತಲ್ಲ?"

"ಹೇಳಿದ್ದೆ. ಆಗ ಗೊತ್ತಿರ್ಲಿಲ್ಲ." ಮಾತಿನಲ್ಲಿ ಹೇಳಲು ಬರಲಿಲ್ಲ. ಅಧಿಕಾರಿಗಳ ಊಟದ ಕೋಣೆಯ ನೆಲದಲ್ಲಿ ಅಂಗಾತ ಮಲಗಿ, ಮೇಜಿನ ಕಾಲನ್ನು ಆಸರೆಯೆಂದು ಇಟ್ಟುಕೊಂಡು, ಮೊಣಕೈ ಹೇಗೆ ತಗಲುತ್ತದೆ ಎಂದು ತೋರಿಸಿದೆ. ಅವನೂ ಕೋಟು ತೆಗೆದು ನನ್ನ ಪಕ್ಕ ಮಲಗಿ ನೋಡಿದ. ಕಾಫಿ ತಂದ ಅಡುಗೆಯವನು ನಮ್ಮಿಬ್ಬರನ್ನು ನೋಡಿ ಹಾಗೇ ಹಿಂದೆ ಹೋದ.

ಅವನು ಮೇಲೆದ್ದು, "ಹಾಗಾದ್ರೆ ನಿಮ್ಮಕ್ಕ ಅಲ್ಲ ಅಂತೀಯಾ?" ಎಂದ.

"ಅಲ್ಲ ಅಂತ ಹೇಳ್ಲಿಲ್ಲ. ಹೌದು ಅಂತಾನೂ ಹೇಳ್ಲಿಲ್ಲ. ಯಾರ ಕೈ ಅಂತ ಬೆಸುಗೆ ಹೇಳಲ್ಲ. ಅವಳು ತಾನೇ ಬರ್ಕೊಟ್ಟಿದಾಳಲ್ಲ ಸರ್."

"ನಿಂಗೇನನ್ಸತ್ತೆ?"

"ನಂಗನ್ಸಿದ್ದನ್ನ ಬರ್ಕೊಳ್ತೀರಾ?"

"ಇಲ್ಲ. ಗೊತ್ತಿರೋದನ್ನ ಮಾತ್ರ."

"ಹಾಗಾದ್ರೆ ಬೇಡ ಬಿಡಿ."

ಅವನು ನಕ್ಕು ಫೈಲು ಚೀಲಕ್ಕೆ ಹಾಕಿಕೊಂಡ. ಮುಚ್ಚಲಿಲ್ಲ. ಮೊಟಕುಗಳ ಬಗ್ಗೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನಾನು ಆಡಿದ್ದೆಲ್ಲ ನಿಜ. ಆದರೆ ಯಾವ ನಿಜ ಆಡಬೇಕೆಂದು ಆರಿಸಿಕೊಂಡದ್ದು ಇದೇ ಮೊದಲು. ಮೈಯೆಲ್ಲ ಜಿಡ್ಡು ಮೆತ್ತಿದ ಹಾಗಿತ್ತು. ಆ ದಿನ ಎರಡು ಸಲ ಸ್ನಾನ ಮಾಡಿದೆ.

ಈಗ ಕೊನೆಯ ವಿಷಯ. ನನಗೆ ಮನೆಗೆ ಹೋಗುವ ಸರದಿ ಬಂದಿದೆ. ಅಕ್ಟೋಬರಿನಲ್ಲಿ ಹಡಗು ಹತ್ತಬಹುದಿತ್ತು. ಬಂದರೆ ನಿನ್ನ ಮುಖ ನೋಡುತ್ತೇನೆ. ನೋಡಿದರೆ ಕೇಳದೆ ಇರಲಾರೆ. ಎಷ್ಟು ದಿನ ತಡೆದುಕೊಳ್ಳುತ್ತೀಯ, ಒಂದು ದಿನ ಹೇಳಿಬಿಡುತ್ತೀಯ. ಆಮೇಲೆ ಜನವರಿಯಲ್ಲಿ ಅವರು ನನ್ನನ್ನು ಕರೆದು, ಪ್ರಮಾಣ ಮಾಡಿಸಿ, "ನಿಮ್ಮಕ್ಕ ನಿನಗೇನಂದ್ರು?" ಎಂದು ಕೇಳುತ್ತಾರೆ. ಆಗ ನಾನು ಹೇಳಿಬಿಡುತ್ತೇನೆ, ಉಳಿದ ಹಡಗುಗಳನ್ನು ತೆರೆಯುವುದು ನಿಲ್ಲುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಅಜ್ಜಿ ಮುಂದಿನ ವಾರ ಲಂಗರು ಎತ್ತಿ ಜಪಾನಿನ ಕಡೆಗೆ ಹೊರಡುತ್ತಾಳೆ. ಅಲ್ಲಿ ಕೆಲಸ ವಸಂತದ ತನಕ ಇದೆಯಂತೆ. ಅವಳ ಜೊತೆಗೇ ಉಳಿಯುತ್ತೇನೆಂದು ಸಹಿ ಹಾಕಿದ್ದೇನೆ. ಚೀಫ್ ಹಾಳೆ ನೋಡಿ, "ಯುದ್ಧ ಮುಗಿದ್ಮೇಲೆ ಉಳ್ಕೊಳ್ಳೋ ಮೀನುಗಾರನ್ನ ಇವತ್ತೇ ನೋಡಿದ್ದು" ಎಂದ.

ನಾನು ಅಕ್ಟೋಬರಿನಲ್ಲಿ ಬರುತ್ತೇನೆಂದು ಅಮ್ಮ ಲೆಕ್ಕ ಹಾಕಿರುತ್ತಾಳೆ. ಯಾಕೆ ಬರಲಿಲ್ಲ ಎಂದು ಕೇಳಿದರೆ ನೀನೇ ಏನಾದರೂ ಹೇಳು. ಅದು ನಿನಗೆ ಬರುತ್ತದೆ. ನನಗೆ ಬರುವುದಿಲ್ಲ.

ನಿನ್ನ ತಮ್ಮ,
ಆರ್ವೋ